ನಾಯಿ ಕರಿಯನ ಬಗ್ಗೆ ತೀರ್ಮಾನ ಯಾರದು? ಬಾಣಂತನಕ್ಕೆ ಅಮೆರಿಕಕ್ಕೆ ಹೋದ ಒಂದು ಕುಟುಂಬದ ಪ್ರಕರಣ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರು ಹಾಲು, ಪೇಪರು, ಗ್ಯಾಸು, ವಿದ್ಯುತ್ ಬಿಲ್ಲು ಎಲ್ಲಕ್ಕೂ ವ್ಯವಸ್ಥೆ ಮಾಡಿ ಕಡೆಗೆ ನಾಯಿಯ ವಿಷಯಕ್ಕೆ ಬರುತ್ತಾರೆ. ಮೈಸೂರಿನಲ್ಲಿ ಸಾಕುಪ್ರಾಣಿಗಳ ಚಿಕಿತ್ಸಾಲಯ ನಡೆಸುವ ನನಗೆ ಇದು ವರ್ಷವಿಡೀ ಎದುರಾಗುವ ಸಂಗತಿ. ಟಿಕೆಟ್ ಕೈಗೆ ಬಂದು, ಹೊರಡಲು ವಾರವಿದ್ದಾಗ ಬಂದು "ನೋಡಿಕೊಳ್ಳುವವರು ಯಾರಾದರೂ ಗೊತ್ತಿದ್ದರೆ ಹೇಳಿ" ಎನ್ನುವವರೇ ಹೆಚ್ಚು. ಗಟ್ಟಿಮುಟ್ಟಾಗಿರುವ ನಾಯಿಯನ್ನು ತಂದು "ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ" ಎಂದು ಕೇಳಿದವರೂ ಇದ್ದಾರೆ. ಅವರನ್ನು ಬಂದ ದಾರಿಯಲ್ಲೇ ಕಳುಹಿಸಿದ್ದೇನೆ. ಇನ್ನು ಕೆಲವರು ನನ್ನನ್ನು ಕೇಳುವ ಗೋಜಿಗೂ ಹೋಗುವುದಿಲ್ಲ, ಊರಾಚೆ ಬಿಟ್ಟು ಬಂದುಬಿಡುತ್ತಾರೆ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ವಿಮಾನ ನಿಲ್ದಾಣದಲ್ಲಿ ಅಷ್ಟಕ್ಕೆ ಒಂದು ಲೋಟ ಕಾಫಿಯೂ ಬರುವುದಿಲ್ಲ.

ಇಲ್ಲಿ ಹೇಳಹೊರಟಿರುವ ಕುಟುಂಬ ಆ ಜಾತಿಯದಲ್ಲ. ಅವರು ಮೂರು ತಿಂಗಳು ಮೊದಲೇ ಯೋಚಿಸಿದರು, ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲ, ಪಟ್ಟಿ ಬರೆದಿಟ್ಟರು. ಆದರೂ ನಾಯಿ ಸಾವಿನ ಬಾಗಿಲು ತಟ್ಟಿ ಬಂತು. ಅದಕ್ಕೇ ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ. ಗುರುತು ಸಿಗಬಾರದೆಂದು ಹೆಸರುಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ, ಪ್ರಕಟಣೆಗೆ ಮನೆಯವರ ಒಪ್ಪಿಗೆಯಿದೆ.

ಹಿನ್ನೆಲೆ

ಯಜಮಾನರು ನಿವೃತ್ತ ಅಧ್ಯಾಪಕರು, ಬೀದಿಯವರಿಗೆಲ್ಲ ಮೇಷ್ಟ್ರು. ಅವರ ಪತ್ನಿಯನ್ನು ಅಮ್ಮ ಎಂದೇ ಕರೆಯುತ್ತೇನೆ. ಒಬ್ಬಳೇ ಮಗಳು, ಟೆಕ್ಸಸ್‌ನ ಡಲ್ಲಾಸ್ ಬಳಿ ನೌಕರಿ. ಮನೆಯಲ್ಲಿ ಹತ್ತು ವರ್ಷದ ಗಂಡು ನಾಯಿ ಕರಿಯ, ನಾಲ್ಕು ವರ್ಷದ ಹೆಣ್ಣು ಬೆಕ್ಕು ಬಿಳಿ. ಕರಿಯ ಅಪ್ಪಟ ನಾಡತಳಿ, ಮರಿಯಾಗಿದ್ದಾಗ ಚರಂಡಿಯಲ್ಲಿ ಸಿಕ್ಕವನು. ಲಸಿಕೆಗಳೆಲ್ಲ ಸಕಾಲಕ್ಕೆ ಆಗಿದ್ದವು. ಹಿಂಗಾಲಿನ ಕೀಲು ಸ್ವಲ್ಪ ಬಿಗಿಯಾಗಿತ್ತು, ಅದು ವಯಸ್ಸಿನ ಲಕ್ಷಣ. ನಿಜವಾದ ತೊಂದರೆಯೆಂದರೆ ಶಬ್ದದ ಭಯ. ದಸರೆಗೆ ಮುಂಚೆ ಆನೆ ಕುದುರೆಗಳು ಬೆದರದಿರಲೆಂದು ಕುಶಾಲತೋಪಿನ ತಾಲೀಮು ನಡೆಯುತ್ತದಲ್ಲ, ಆನೆಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ, ಕರಿಯ ಮಾತ್ರ ಹತ್ತು ವರ್ಷವಾದರೂ ಒಗ್ಗಿರಲಿಲ್ಲ. ಫಿರಂಗಿ ಗುಡುಗಿದೊಡನೆ ಬಚ್ಚಲುಮನೆಯ ಹಂಡೆಯ ಹಿಂದೆ ಸೇರಿಕೊಂಡು ಸಂಜೆಯವರೆಗೆ ಹೊರಗೆ ಬರುತ್ತಿರಲಿಲ್ಲ.

ಹೆರಿಗೆ ಅಕ್ಟೋಬರ್ ಮೊದಲ ವಾರವೆಂದು ವೈದ್ಯರು ಹೇಳಿದ್ದರು. ದಂಪತಿ ಆಗಸ್ಟ್ ನಡುವೆ ಹೊರಟು ಜನವರಿಯಲ್ಲಿ ಮರಳುವುದೆಂದು ಗೊತ್ತಾಯಿತು. ಅಂದರೆ ದಸರೆಯ ತೋಪು, ದೀಪಾವಳಿಯ ಪಟಾಕಿ, ಮಳೆಗಾಲದ ಕೊನೆಯ ಉಣ್ಣೆಕಾಟ ಮೂರೂ ಅವರಿಲ್ಲದ ಅವಧಿಯಲ್ಲೇ ಬೀಳುತ್ತಿದ್ದವು.

ಕೈಬಿಟ್ಟ ದಾರಿಗಳು

ಜೊತೆಗೇ ಕರೆದುಕೊಂಡು ಹೋಗಬಹುದೇ ಎಂಬುದು ಅಮ್ಮನ ಮೊದಲ ಪ್ರಶ್ನೆ. ಬೆಕ್ಕಿನ ಮಟ್ಟಿಗೆ ಅಷ್ಟು ಕಷ್ಟವಿಲ್ಲ. ನಾಯಿಯ ಕತೆ ಬೇರೆ. ಹುಚ್ಚುನಾಯಿ ರೋಗದ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಭಾರತವನ್ನು ಸೇರಿಸಿದೆ. 2024ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಇಲ್ಲಿ ಲಸಿಕೆ ಪಡೆದ ನಾಯಿಗೆ ಮೈಕ್ರೋಚಿಪ್ ಇರಬೇಕು, ಸರಕಾರಿ ಪಶುವೈದ್ಯರು ದೃಢೀಕರಿಸಿದ ಲಸಿಕೆ ಪ್ರಮಾಣಪತ್ರ ಇರಬೇಕು, ರಕ್ತದಲ್ಲಿ ಪ್ರತಿಕಾಯ ಸಾಕಷ್ಟಿದೆಯೆಂದು ಸಿಡಿಸಿ ಒಪ್ಪಿದ ಪ್ರಯೋಗಾಲಯವೇ ಹೇಳಬೇಕು. ಆ ರಕ್ತವನ್ನು ಅಲ್ಲಿ ಇಳಿಯುವ ದಿನಕ್ಕೆ ಕನಿಷ್ಠ 28 ದಿನ ಮುಂಚೆ ತೆಗೆದಿರಬೇಕು. ಸಿಡಿಸಿಯಲ್ಲಿ ನೋಂದಾಯಿತವಾದ ಪ್ರಾಣಿ ಆರೈಕೆ ಕೇಂದ್ರದಲ್ಲಿ ಜಾಗ ಕಾದಿರಿಸಿ, ಆ ಕೇಂದ್ರ ಇರುವ ವಿಮಾನ ನಿಲ್ದಾಣದಲ್ಲೇ ಇಳಿಯಬೇಕು. ಅಂಥ ನಿಲ್ದಾಣಗಳು ಬೆರಳೆಣಿಕೆಯಷ್ಟು. ವಾಪಸು ಬರುವಾಗ ನಮ್ಮ ದೇಶದ ಪ್ರಾಣಿ ಕ್ವಾರಂಟೈನ್ ಇಲಾಖೆಯ ಅನುಮತಿ ಬೇರೆ. ಅಲ್ಲಿಗೇ ನೆಲೆಸಲು ಹೋಗುವವರಾದರೆ ಇಷ್ಟೂ ಪಾಡು ಪಡಬಹುದು. ಐದು ತಿಂಗಳ ಭೇಟಿಗೆ, ತೋಪಿನ ಸದ್ದಿಗೇ ನಡುಗುವ ಮುದಿ ನಾಯಿಯನ್ನು ವಿಮಾನದ ಸರಕಿನ ಗೂಡಿನಲ್ಲಿ ಹೋಗಿಬರಿಸುವುದು ನನಗೆ ಸರಿಕಾಣಲಿಲ್ಲ. ಹಾಗೆಂದು ನೇರವಾಗಿ ಹೇಳಿದೆ.

ಅಮ್ಮ ಒಬ್ಬರೇ ಹೋಗುವುದು ಎರಡನೆಯ ಯೋಚನೆ. ಮೇಷ್ಟ್ರು ಇದಕ್ಕೆ ಅರೆಮನಸ್ಸಿನಿಂದ ಒಪ್ಪಿದ್ದರು. ಮಗಳು ಫೋನಿನಲ್ಲಿ "ಮೊಮ್ಮಗುವಿಗಿಂತ ಕರಿಯನೇ ಹೆಚ್ಚಾದನಾ ಅಪ್ಪ?" ಎಂದು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಅಮ್ಮನಿಗೂ ಇಮಿಗ್ರೇಷನ್ ಕೌಂಟರಿನಲ್ಲಿ ಒಬ್ಬರೇ ನಿಂತು ಉತ್ತರಿಸುವುದೆಂದರೆ ದಿಗಿಲು.

ಮೂರನೆಯದು ತಿರುಮಕೂಡಲು ನರಸೀಪುರದ ಕಡೆ ಇರುವ ನೆಂಟರ ತೋಟ. ವಿಶಾಲ ಜಾಗ, ಪಟಾಕಿಯಿಲ್ಲ, ಹಾಲು ಮೊಸರಿಗೆ ಬರವಿಲ್ಲ. ಕೇಳಲು ಚೆನ್ನ. ಆದರೆ ಆ ಸೀಮೆಯಲ್ಲಿ ಚಿರತೆ ಮನುಷ್ಯರನ್ನೇ ಕೊಂದದ್ದು ಮರೆಯುವಷ್ಟು ಹಳೆಯ ಸುದ್ದಿಯಲ್ಲ, ನಾಯಿಯೆಂದರಂತೂ ಚಿರತೆಗೆ ಸಲೀಸಾದ ಊಟ. ರಾತ್ರಿ ತೋಟದ ಮನೆಯ ಹೊರಗೆ ನಾಯಿಯನ್ನು ಕಟ್ಟುವುದು ವಾಡಿಕೆ, ಒಳಗೆ ಮಲಗಿಸಿ ಎಂದು ನೆಂಟರಿಗೆ ಹೇಳಿದರೆ ತಲೆಯಾಡಿಸುತ್ತಾರೆ, ಮಾಡುವುದಿಲ್ಲ. ಇದನ್ನೂ ಬೇಡವೆಂದೆ.

ಹೀಗೆ ಉಳಿದದ್ದು ಹಣ ತೆಗೆದುಕೊಂಡು ನಾಯಿ ಇರಿಸಿಕೊಳ್ಳುವ ಬೋರ್ಡಿಂಗ್. ಊರಿನ ಹೊರವಲಯ, ಅರಮನೆಯಿಂದ ದೂರ, ತೋಪಿನ ಸದ್ದು ಕೇಳದು ಎಂಬುದೇ ಮೇಷ್ಟ್ರಿಗೆ ಹಿಡಿಸಿದ ಗುಣ. ಬಿಳಿಯನ್ನು ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿರುವ ಅಮ್ಮನ ತಂಗಿ ಇಟ್ಟುಕೊಳ್ಳುವುದೆಂದಾಯಿತು. ಸ್ಥಳೀಯವಾಗಿ ವಿಚಾರಿಸಿಕೊಳ್ಳಲು ಅಮ್ಮನ ತಮ್ಮ, ಅಂದರೆ ಮೇಷ್ಟ್ರ ಭಾವಮೈದ. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ಚೊಕ್ಕ, ಆದರೆ ನಾಯಿ ಕಂಡರೆ ಎರಡು ಹೆಜ್ಜೆ ದೂರ.

ಈ ಇಡೀ ಚರ್ಚೆಯಲ್ಲಿ ಒಂದು ಹೆಸರು ಬರಲೇ ಇಲ್ಲ. ಎಂಟು ವರ್ಷದಿಂದ ಆ ಮನೆಯ ಕಸಮುಸುರೆ ಮಾಡುತ್ತಿದ್ದ ಜಯಮ್ಮ. ಕರಿಯನಿಗೆ ಬೆಳಗಿನ ಹೊತ್ತು ರಾಗಿ ಮುದ್ದೆ ಮುರಿದು ಸಾರಿನಲ್ಲಿ ಕಲಸಿ ಹಾಕುತ್ತಿದ್ದವಳು ಆಕೆಯೇ. ನನ್ನಲ್ಲಿಗೆ ಲಸಿಕೆಗೆ ಕರೆತಂದಾಗ ಬಾಯಿಗೆ ಬಟ್ಟೆ ಕಟ್ಟದೆ ಅವನನ್ನು ಹಿಡಿದುಕೊಳ್ಳಬಲ್ಲವಳೂ ಆಕೆಯೊಬ್ಬಳೇ. "ಜಯಮ್ಮನನ್ನು ಕೇಳಿದಿರಾ?" ಎಂದೆ. "ಅವಳಿಗೆ ಮೂರು ಮನೆ ಕೆಲಸ, ಪಾಪ" ಎಂದರು ಅಮ್ಮ. ಅದು ಕನಿಕರವೂ ಹೌದು. ಐದು ತಿಂಗಳು ಖಾಲಿ ಮನೆಯ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಹೇಳಲಾಗದ ಯೋಚನೆಯೂ ಹೌದು. ಇಂಥ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಪ್ರಾಣಿಯನ್ನು ಅತಿ ಹೆಚ್ಚು ಬಲ್ಲವರನ್ನು ಬಿಟ್ಟು ಉಳಿದೆಲ್ಲರೂ ಮಾತುಕತೆಗೆ ಕೂತಿರುತ್ತಾರೆ.

ಬೆಕ್ಕು ಮೊದಲು ಉತ್ತರ ಕೊಟ್ಟಿತು

ದಂಪತಿ ಹೊರಡಲು ಹತ್ತು ದಿನವಿರುವಾಗಲೇ ಬಿಳಿಯನ್ನು ಬೆಂಗಳೂರಿಗೆ ಬಿಟ್ಟು ಬಂದಿದ್ದರು. ಹೊಂದಿಕೊಳ್ಳದಿದ್ದರೆ ತಿಳಿಯಲೆಂದು ಇದು ನಾನೇ ಹೇಳಿದ ಪರೀಕ್ಷೆ. ಬಿಳಿ ಬುಟ್ಟಿಯಿಂದ ಇಳಿದವಳೇ ವಾಷಿಂಗ್ ಮೆಷಿನ್ನಿನ ಹಿಂದೆ ಹೊಕ್ಕು ಮೂರು ದಿನ ಅಲ್ಲೇ ಕುಳಿತಳು. ಒಂದು ಹಿಡಿ ತಿನ್ನಲಿಲ್ಲ. ನಾಯಿ ಮೂರು ದಿನ ಉಪವಾಸವಿದ್ದರೆ ಬಡವಾಗುತ್ತದೆ, ಬೆಕ್ಕಾದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಬರಬಹುದು. ಕಾಯಬೇಡಿ, ಇವತ್ತೇ ಕರೆತನ್ನಿ ಎಂದೆ.

ಮೈಸೂರಿನ ಅಡುಗೆಮನೆಗೆ ಕಾಲಿಟ್ಟ ಅರ್ಧ ಗಂಟೆಯಲ್ಲಿ ಬಿಳಿ ಮೀನಿನ ತಟ್ಟೆ ನೆಕ್ಕುತ್ತಿದ್ದಳು. ಬೆಕ್ಕಿಗೆ ಜಾಗವೇ ಬಂಧು. ಪಕ್ಕದ ಮನೆಯವರು ದಿನಕ್ಕೆರಡು ಸಲ ಬಂದು ಊಟ ಹಾಕುವುದು, ಹಿತ್ತಲ ಕಿಟಕಿಯ ಒಂದು ಗಾಜು ತೆಗೆದಿಡುವುದು ಎಂದು ಏರ್ಪಾಟು ಬದಲಾಯಿತು. ಬೆಕ್ಕಿಗೆ ಮಾಡಿದ ಈ ತಾಲೀಮನ್ನು ನಾಯಿಗೆ ಮಾಡಲು ಸಮಯ ಉಳಿಯಲಿಲ್ಲ. ಕರಿಯ ಬೋರ್ಡಿಂಗಿಗೆ ಹೋದದ್ದು ಹೊರಡುವ ಹಿಂದಿನ ದಿನ.

ಅಕ್ಟೋಬರಿನ ಆ ವಾರ

ಮೊದಲ ಕೆಲವು ವಾರ ಎಲ್ಲವೂ ಸುಸೂತ್ರವೆಂದೇ ಕಂಡಿತು. ಬೋರ್ಡಿಂಗಿನವರು ಫೋಟೋ ಕಳುಹಿಸುತ್ತಿದ್ದರು. ವಿಡಿಯೋ ಕರೆಯಲ್ಲಿ ಮೇಷ್ಟ್ರು "ಕರಿಯಾ" ಎಂದರೆ ಅವನು ಫೋನಿನ ಕಡೆ ನೋಡದೆ ಗೇಟಿನ ಕಡೆ ಓಡುತ್ತಿದ್ದ. ಅಂಥ ದಿನಗಳಲ್ಲಿ ರಾತ್ರಿಯ ಊಟ ಬಿಡುತ್ತಾನೆಂದು ಅಲ್ಲಿನ ಹುಡುಗ ಹೇಳಿದ. ನನ್ನ ಸಲಹೆಯಂತೆ ಕರೆ ನಿಂತಿತು. ಇಲ್ಲಿಂದ ಅಲ್ಲಿಗೆ ವಿಡಿಯೋ ಹೋಗುತ್ತಿತ್ತು, ಅಲ್ಲಿಂದ ಇಲ್ಲಿಗೆ ದನಿ ಬರುತ್ತಿರಲಿಲ್ಲ. ಇದು ಅಮ್ಮನಿಗೆ ಬಹಳ ಕಷ್ಟವಾಯಿತು, ನಾಯಿಗೆ ಅನುಕೂಲವಾಯಿತು.

ಅಕ್ಟೋಬರ್ ಮೊದಲಲ್ಲಿ ಮಗಳಿಗೆ ಸಿಸೇರಿಯನ್ ಆಯಿತು. ಅದೇ ಹೊತ್ತಿಗೆ ಕರಿಯ ಮಂಕಾದ. ಬೋರ್ಡಿಂಗಿನವರು ಭಾವಮೈದನಿಗೆ ಫೋನ್ ಮಾಡಿದರು: ನಾಯಿ ತಿನ್ನುತ್ತಿಲ್ಲ, ಮೈ ಬಿಸಿಯಿದೆ, ಡಾಕ್ಟರಿಗೆ ತೋರಿಸಲೇ? ಖರ್ಚು ಎಷ್ಟಾಗಬಹುದು ಎಂದು ಇವರು ಕೇಳಿದರು, ಹೇಳಲಾಗದು ಎಂದು ಅವರೆಂದರು. "ಎರಡು ದಿನ ನೋಡೋಣ" ಎಂದು ಮಾತು ಮುಗಿಯಿತು. ಅಲ್ಲಿ ಆಪರೇಷನ್ ಆಗಿ ಮಲಗಿದ್ದಾಳೆ, ಈಗ ನಾಯಿಯ ಜ್ವರದ ಸುದ್ದಿ ಹೇಳಿ ಮನಸ್ಸು ಕೆಡಿಸುವುದೇ? ಇದರಲ್ಲಿ ಕೆಡುಕಿನ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಎರಡು ದಿನ ನಾಲ್ಕಾಯಿತು. ಕೇಳಿದ ಬೋರ್ಡಿಂಗಿನವರಿಗೆ ತೀರ್ಮಾನಿಸುವ ಅಧಿಕಾರವಿರಲಿಲ್ಲ, ಭಾವಮೈದನಿಗೆ ಧೈರ್ಯವಿರಲಿಲ್ಲ, ಅಧಿಕಾರವಿದ್ದ ಮೇಷ್ಟ್ರಿಗೆ ಸುದ್ದಿಯೇ ಇರಲಿಲ್ಲ.

ಭಾನುವಾರ ಜಯಮ್ಮ ತನ್ನಷ್ಟಕ್ಕೆ ತಾನೇ ಕರಿಯನನ್ನು ನೋಡಲು ಸಿಟಿ ಬಸ್ಸು ಹಿಡಿದು ಹೋದಳು. ಯಾರೂ ಆಕೆಗೆ ಹೇಳಿರಲಿಲ್ಲ. ಅವನು ಎದ್ದು ಬರಲಿಲ್ಲ. ಆಕೆ ಅವನ ತುಟಿ ಮಗುಚಿ ಒಸಡು ನೋಡಿದಳು: ಸುಣ್ಣದ ಹಾಗೆ ಬಿಳಿ. ಹೊಟ್ಟೆಯ ಚರ್ಮದ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳು, ಒಂದು ಮೂಗಿನ ಹೊಳ್ಳೆಯಲ್ಲಿ ಒಣಗಿದ ರಕ್ತ. ಕರೆದುಕೊಂಡು ಹೋಗುತ್ತೇನೆಂದಳು. ಮನೆಯವರ ಮಾತಿಲ್ಲದೆ ಬಿಡುವುದಿಲ್ಲ ಎಂದರು ಬೋರ್ಡಿಂಗಿನವರು. ನಿಯಮದ ಪ್ರಕಾರ ಅವರದೂ ಸರಿಯೇ, ಬಂದವರಿಗೆಲ್ಲ ನಾಯಿ ಕೊಟ್ಟರೆ ನಾಳೆ ಯಾರು ಜವಾಬು ಕೊಡುತ್ತಾರೆ? ಜಯಮ್ಮ ಮೊಬೈಲಿನಲ್ಲಿ ಒಸಡಿನ ಫೋಟೋ ತೆಗೆದುಕೊಂಡು ನೇರ ನನ್ನ ಮನೆಗೆ ಬಂದಳು.

ಮಧ್ಯಾಹ್ನ 12 ಗಂಟೆ. ಡಲ್ಲಾಸ್‌ನಲ್ಲಿ ಆಗ ಬೆಳಗಿನ ಜಾವ ಒಂದೂವರೆ. ನಾನು ಮೇಷ್ಟ್ರಿಗೆ ಕರೆ ಮಾಡಿದೆ. ಇದೇ ಈ ಪ್ರಕರಣದ ತಿರುವು, ಆದ್ದರಿಂದ ಆ ಮಾತುಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಿಷಯ ಕೇಳಿ ಅವರು ಗದ್ಗದಿತರಾಗಿ "ನಿಮಗೆ ಸರಿಕಂಡದ್ದನ್ನು ಮಾಡಿ ಡಾಕ್ಟರೇ" ಎಂದರು. ಬಹುತೇಕರು ಹೇಳುವುದು ಇದನ್ನೇ. ಕೇಳಲು ಪೂರ್ಣ ನಂಬಿಕೆಯ ಮಾತು, ಕೆಲಸಕ್ಕೆ ಬರುವುದಿಲ್ಲ. ಚಿಕಿತ್ಸೆ ಮಾಡುವವನೇ ಖರ್ಚಿನ ಮಿತಿಯನ್ನೂ ಹೋರಾಟದ ಮಿತಿಯನ್ನೂ ಗೊತ್ತುಮಾಡಬಾರದು. ಹಾಗಾಗಿ ಮೂರು ಪ್ರಶ್ನೆ ಕೇಳಿದೆ. ಎಷ್ಟು ಹಣದವರೆಗೆ ನಿಮ್ಮನ್ನು ಕೇಳದೆ ಮುಂದುವರಿಯಬಹುದು? ರಕ್ತ ಕೊಡಬೇಕಾಗಿ ಬಂದರೆ, ಅದಕ್ಕೂ ಚೇತರಿಸದಿದ್ದರೆ, ಎಲ್ಲಿಯವರೆಗೆ? ನೀವು ಫೋನಿಗೆ ಸಿಗದ ಹೊತ್ತಿನಲ್ಲಿ ಇಲ್ಲಿ ಹೂಂ ಅಥವಾ ಬೇಡ ಎನ್ನುವವರು ಯಾರು?

ಮೊದಲೆರಡಕ್ಕೆ ಉತ್ತರ ಬೇಗ ಬಂತು: ಐವತ್ತು ಸಾವಿರದವರೆಗೆ ಕೇಳುವುದು ಬೇಡ, ನರಳಾಟ ಹೆಚ್ಚಿದರೆ ಎಳೆಯುವುದು ಬೇಡ. ಮೂರನೆಯದಕ್ಕೆ ಮೌನ. ಆಮೇಲೆ "ಜಯಮ್ಮ ಅಲ್ಲೇ ಇದ್ದಾಳಾ? ಅವಳಿಗೇ ಕೊಡಿ ಫೋನು" ಎಂದರು. ಹತ್ತು ನಿಮಿಷದಲ್ಲಿ ನನಗೆ, ಬೋರ್ಡಿಂಗಿಗೆ, ಭಾವಮೈದನಿಗೆ ಒಂದೇ ಸಂದೇಶ ಹೋಯಿತು: ಕರಿಯನ ವಿಷಯದಲ್ಲಿ ಇಂದಿನಿಂದ ಜಯಮ್ಮನ ಮಾತೇ ನನ್ನ ಮಾತು. ಹಣ ನೇರವಾಗಿ ಚಿಕಿತ್ಸಾಲಯಕ್ಕೆ ಬಂತು. ಒಂದು ಗಂಟೆಯೊಳಗೆ ಕರಿಯ ಆಟೋದಲ್ಲಿ ನನ್ನ ಬಾಗಿಲಿಗೆ ಬಂದ.

ರೋಗವೇನೋ ನಮ್ಮ ಕಡೆ ನಿತ್ಯ ಕಾಣುವ ಉಣ್ಣೆ ಜ್ವರ, ಎರ್ಲಿಕಿಯಾ. ನಾಯಿಯಲ್ಲಿ ಎರಡು ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ 22 ಸಾವಿರಕ್ಕೆ ಇಳಿದಿತ್ತು. ಇದನ್ನು ಹರಡುವ ಕಂದು ಉಣ್ಣೆ ಹುಲ್ಲಿಗಿಂತ ಹೆಚ್ಚಾಗಿ ನಾಯಿಗೂಡಿನ ಗೋಡೆಬಿರುಕಿನಲ್ಲಿ ಮನೆ ಮಾಡುತ್ತದೆ. ನೆಲ ಎಷ್ಟೇ ತೊಳೆದರೂ ಅದು ಅಲ್ಲೇ. ತಿಂಗಳಿಗೊಂದರಂತೆ ಕೊಡಬೇಕಾದ ಉಣ್ಣೆಯ ಮಾತ್ರೆಗಳನ್ನು ಅಮ್ಮ ಚೀಲದಲ್ಲಿ ತುಂಬಿ ಕಳುಹಿಸಿದ್ದರು. ಕರಿಯನ ಜೊತೆ ಬಂದ ಆ ಚೀಲ ತೆರೆದರೆ ಸೆಪ್ಟೆಂಬರಿನ ಮಾತ್ರೆ ಹೊದಿಕೆ ಹರಿಯದೆ ಹಾಗೇ ಇತ್ತು. ಅಮ್ಮನ ಅಂದವಾದ ಅಕ್ಷರದಲ್ಲಿ ಮೇಲೆ ತಾರೀಖೂ ಬರೆದಿತ್ತು. ಪಟ್ಟಿಯಲ್ಲಿ ಎಲ್ಲ ಇತ್ತು, ಪಟ್ಟಿ ಓದಿ "ಕೊಟ್ಟಾಯಿತಾ?" ಎಂದು ಕೇಳಬೇಕಾದವರು ಇರಲಿಲ್ಲ.

ಡ್ರಿಪ್, 28 ದಿನ ಡಾಕ್ಸಿಸೈಕ್ಲಿನ್, ಮೊದಲ ವಾರ ಸ್ಟೀರಾಯ್ಡ್. ರಕ್ತ ಕೊಡುವ ಪ್ರಸಂಗ ಬರಲಿಲ್ಲ. ಮೂರನೆಯ ದಿನ ಜಯಮ್ಮ ತಂದ ಮುದ್ದೆಯನ್ನು ತಿಂದ.

ಎರಡನೆಯ ಏರ್ಪಾಟು

ಮತ್ತೆ ಬೋರ್ಡಿಂಗಿಗೆ ಬೇಡವೆಂಬುದು ಸರಿ. ಹಾಗಾದರೆ ಎಲ್ಲಿಗೆ? ಜಯಮ್ಮನದು ಎರಡು ಕೋಣೆಯ ಬಾಡಿಗೆ ಮನೆ, ಮಾಲೀಕರು ನಾಯಿಗೆ ಒಪ್ಪಲಿಲ್ಲ. ಆಕೆಯೇ ಹೇಳಿದಳು: ನನ್ನ ಮಗ ಐಟಿಐ ಓದುತ್ತಾನೆ, ರಾತ್ರಿ ಮೇಷ್ಟ್ರ ಮನೆಯಲ್ಲಿ ಮಲಗುತ್ತಾನೆ, ಓದಿಕೊಳ್ಳಲು ಅವನಿಗೂ ಶಾಂತಿ, ಹಗಲು ನಾನು ಬರುತ್ತೇನೆ.

ಇದಕ್ಕೆ ನೆಂಟರಲ್ಲಿ ಗುಸುಗುಸು ಎದ್ದಿತು. ಕೆಲಸದವರ ಹುಡುಗನನ್ನು ಮನೆಯೊಳಗೆ ಮಲಗಿಸುವುದೇ? ಬೀರುವಿನ ಕತೆಯೇನು? ಮೇಷ್ಟ್ರು ಮೀನಮೇಷ ಎಣಿಸಿದ್ದು ಒಂದೇ ರಾತ್ರಿ. ಒಂದು ಕೋಣೆಗೆ ಬೀಗ ಹಾಕಿಸಿ, ಉಳಿದ ಮನೆಯನ್ನು ಹುಡುಗನಿಗೆ ಬಿಟ್ಟರು. ಬೋರ್ಡಿಂಗಿಗೆ ಕೊಡುತ್ತಿದ್ದ ದಿನಕ್ಕೆ 600 ರೂಪಾಯಿಯನ್ನೇ ಜಯಮ್ಮನಿಗೆ ಕೊಟ್ಟರು. ಚೌಕಾಸಿ ಮಾಡಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಕಡೆ "ಮನೆಯವಳಂತೆ ಅಲ್ಲವೇ" ಎಂದು ಹೇಳಿ ಅರ್ಧ ಕೊಡುವುದೇ ರೂಢಿ.

ದೀಪಾವಳಿಯ ಮೂರು ರಾತ್ರಿಗೆ ಭಯ ತಗ್ಗಿಸುವ ಮಾತ್ರೆ ಬರೆದುಕೊಟ್ಟಿದ್ದೆ. ಹುಡುಗ ಬಚ್ಚಲುಮನೆಯಲ್ಲೇ ಚಾಪೆ ಹಾಸಿ, ಹಂಡೆಯ ಪಕ್ಕ ಕುಳಿತು ಪರೀಕ್ಷೆಗೆ ಓದಿದ. ಬಿಳಿಗೂ ಮನೆಯಲ್ಲಿ ದೀಪ ಉರಿಯತೊಡಗಿದ್ದೇ ಸಾಕಾಯಿತು, ಪಕ್ಕದ ಮನೆಯವರ ಪಾಳಿ ತಪ್ಪಿತು.

ಮರಳಿದ ಮೇಲೆ

ಜನವರಿಯಲ್ಲಿ ದಂಪತಿ ಬಂದಾಗ ಕರಿಯ ಕುಣಿದ, ಕೂಗಿದ, ಆಮೇಲೆ ಎರಡು ದಿನ ಅಮ್ಮ ಕರೆದರೂ ಮುಖ ತಿರುಗಿಸಿದ. "ಮುನಿಸು ಡಾಕ್ಟರೇ" ಎಂದರು ಅಮ್ಮ. ನನಗೆ ಹಾಗನ್ನಿಸುವುದಿಲ್ಲ. ಐದು ತಿಂಗಳಲ್ಲಿ ಎರಡು ಸಲ ದಿನಚರಿ ಮಗುಚಿದ ಮುದಿ ನಾಯಿಗೆ ಮೂರನೆಯದಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು, ಅಷ್ಟೆ. ಆದರೆ ರಾತ್ರಿ ಒಂಬತ್ತಾದರೆ ಗೇಟಿನ ಬಳಿ ನಿಂತು ಹುಡುಗನಿಗಾಗಿ ಕಾಯುವುದು ವಾರವಾದರೂ ನಿಲ್ಲಲಿಲ್ಲ. ನೋಡಿಕೊಂಡವರನ್ನು ಒಂದೇ ದಿನಕ್ಕೆ ಕಳುಹಿಸಿಬಿಡುವುದು ಮತ್ತೊಂದು ಅಗಲಿಕೆಯೇ. ತಿಂಗಳ ಕಾಲ ದಿನ ಬಿಟ್ಟು ದಿನ ಬರಲಿ, ಆಮೇಲೆ ಕಡಿಮೆ ಮಾಡಿ ಎಂದೆ. ಈಗ ಅವನು ಭಾನುವಾರ ಬಂದು ಕರಿಯನನ್ನು ಅಡ್ಡಾಡಿಸಿ, ಊಟ ಮಾಡಿ ಹೋಗುತ್ತಾನೆ.

ಆ ಅಕ್ಟೋಬರಿನ ಸಂದೇಶವನ್ನು ಮೇಷ್ಟ್ರು ಒಂದು ಪುಟದ ಪತ್ರವಾಗಿ ಬೆಳೆಸಿದರು. ಅವರ ಅನುಮತಿಯಿಂದ ಅದರ ತಿರುಳನ್ನು ಬೇರೆಯವರಿಗೂ ಕೊಡುತ್ತಿದ್ದೇನೆ. ಪ್ರಾಣಿಯ ಬಗ್ಗೆ ಅಂತಿಮ ಮಾತು ಯಾರದು, ಅವರು ಸಿಗದಿದ್ದರೆ ಯಾರದು. ಕೇಳದೆ ಖರ್ಚು ಮಾಡಬಹುದಾದ ಮೊತ್ತ, ಅದರ ಒಂದು ಭಾಗ ಮುಂಗಡವಾಗಿ ಚಿಕಿತ್ಸಾಲಯದಲ್ಲಿ. ಎಂಥ ಲಕ್ಷಣ ಕಂಡರೆ ಅದೇ ದಿನ ಡಾಕ್ಟರ್ ಬಳಿಗೆ. ಮತ್ತು ಕೆಟ್ಟ ಸುದ್ದಿಯನ್ನು ಹೊತ್ತುಗೊತ್ತು ನೋಡದೆ ತಿಳಿಸಬೇಕು ಎಂಬ ಸಾಲು. ಈ ಕೊನೆಯ ಸಾಲನ್ನು ಜನ ಅನಗತ್ಯವೆಂದುಕೊಳ್ಳುತ್ತಾರೆ. ನಮ್ಮವರು ಸುದ್ದಿ ಮುಚ್ಚಿಡುವುದು ಪ್ರೀತಿಯಿಂದ, ಹಾಗಾಗಿ ಬರೆದು ಕೊಡದಿದ್ದರೆ ಮುಚ್ಚಿಡುತ್ತಲೇ ಇರುತ್ತಾರೆ. ನೋಡಿಕೊಳ್ಳುವ ಜಾಗ ಯಾವುದೇ ಇರಲಿ, ಬೋರ್ಡಿಂಗ್ ಆದರೂ ಚಿಂತೆಯಿಲ್ಲ, ಈ ಪತ್ರ ಇದ್ದಿದ್ದರೆ ಕರಿಯನಿಗೆ ಮೊದಲ ದಿನವೇ ಮಾತ್ರೆ ಬೀಳುತ್ತಿತ್ತು.

ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮತ್ತೆ ಹೋಗುವ ಮಾತು ನಡೆದಿದೆ, ಈ ಸಲ ಎರಡು ತಿಂಗಳು. ಹುಡುಗ ಈಗಾಗಲೇ ಒಪ್ಪಿದ್ದಾನೆ. ಪತ್ರದಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: ಕಾಲು ಪೂರ್ತಿ ಸೋತು ಎದ್ದೇಳಲಾಗದಂತಾದರೆ, ಡಾಕ್ಟರೂ ಜಯಮ್ಮನೂ ಕೂಡಿ ಒಪ್ಪಿದರೆ, ನಮ್ಮನ್ನು ಕಾಯುವುದು ಬೇಡ. ಅದನ್ನು ಬರೆಯಲು ಮೇಷ್ಟ್ರಿಗೆ ಒಂದು ವಾರ ಹಿಡಿಯಿತು. ಭಾವಮೈದನಿಗೆ ಬೇಸರವಾಗದಂತೆ ಇದನ್ನೆಲ್ಲ ಹೇಳುವುದು ಹೇಗೆಂಬ ಚಿಂತೆ ಅಮ್ಮನಿಗಿತ್ತು. ಮನೆಗಂದಾಯ, ನೀರಿನ ಬಿಲ್ಲು, ಬ್ಯಾಂಕಿನ ಕೆಲಸ ಅವರಿಗೆ ವಹಿಸಿದ್ದಾರೆ. ನಾಯಿಯ ಜವಾಬ್ದಾರಿ ತಪ್ಪಿತೆಂದು ಕೇಳಿ ಅವರು ಬೇಸರಪಟ್ಟಂತೇನೂ ಕಾಣಲಿಲ್ಲವಂತೆ.